ಪುಣೆಯ ಅಡುಗೆಮನೆಯಲ್ಲಿ ಮೂರು ವರ್ಷ ಓಡಿದ ಗಿರಣಿ

ಮೊದಲೇ ಹೇಳಿಬಿಡುತ್ತೇನೆ, ಮನೆ ಗಿರಣಿಯಿಂದ ದುಡ್ಡು ಉಳಿಯುವುದಿಲ್ಲ. 2022ರ ದಸರಾಕ್ಕೆ 19,000 ರೂಪಾಯಿ ಕೊಟ್ಟು ತಂದದ್ದು. ಮನೆಯಲ್ಲಿ ನಾವು ಮೂವರು, ತಿಂಗಳಿಗೆ 12 ಕಿಲೋ ಜೋಳ ಬೀಸುತ್ತೇವೆ. ಹಡಪಸರದ ನಮ್ಮ ಓಣಿಯ ಗಿರಣಿಯಲ್ಲಿ ಕಿಲೋಗೆ 10 ರೂಪಾಯಿ ತಗೊಳ್ಳುತ್ತಿದ್ದರು. ಆ ಲೆಕ್ಕದಲ್ಲಿ ಹಾಕಿದ ದುಡ್ಡು ವಾಪಸ್ ಬರಲು 13 ವರ್ಷ ಬೇಕು. ಕರೆಂಟಿನ ಖರ್ಚು ಮಾತ್ರ ಹೆದರುವಷ್ಟಿಲ್ಲ. ಒಂದು ಎಚ್‌ಪಿ ಮೋಟರು, ಪೂರ್ತಿ ಒಂದು ಗಂಟೆ ಓಡಿದರೂ ಮುಕ್ಕಾಲು ಯೂನಿಟ್ ಅಷ್ಟೇ.

ನಾವು ವಿಜಯಪುರ ಕಡೆಯವರು. ಪುಣೆಯಲ್ಲಿ ಜೋಳಕ್ಕೇನು ಬರ, ಇದೂ ರೊಟ್ಟಿ, ಅಂದರೆ ಅವರ ಭಾಕ್ರಿ, ತಿನ್ನುವ ಊರೇ ಅಲ್ವಾ ಅಂತ ನೀವು ಕೇಳಬಹುದು. ನಿಜ, ಕಾಳಿಗೆ ಬರವಿಲ್ಲ. ಮಾರ್ಕೆಟ್ ಯಾರ್ಡಿನ ಭುಸಾರ್ ಪೇಟೆಗೆ, ಅಂದರೆ ಕಾಳುಕಡಿಯ ಪೇಟೆಗೆ, ಹೋದರೆ ಮಾಲದಂಡಿ ಜೋಳ ಮುತ್ತಿನ ಹಾಗೆ ಹೊಳೆಯುತ್ತಾ ಚೀಲಗಟ್ಟಲೆ ಕೂತಿರುತ್ತದೆ. ಮಂಗಳವೇಢೆಯ ಜೋಳವೂ ಸಿಗುತ್ತದೆ. ಬಸವಣ್ಣನವರು ಕರಣಿಕರಾಗಿದ್ದ ಅದೇ ಮಂಗಳವೇಢೆ. ಅಲ್ಲಿನ ಜೋಳಕ್ಕೆ 2016ರಲ್ಲಿ ಜಿಐ, ಅಂದರೆ ಇಂಥ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು ಸಿಕ್ಕಿತು. ಆ ಎರೆ ಮಣ್ಣಿಗೂ ನಮ್ಮ ಡೋಣಿ ಹೊಳೆ ಸೀಮೆಯ ಎರೆ ಮಣ್ಣಿಗೂ ನಡುವೆ ಇರುವುದು ರಾಜ್ಯದ ಗಡಿ ಒಂದೇ. ರೊಟ್ಟಿಯ ರುಚಿಯಲ್ಲಿ ನನಗಂತೂ ವ್ಯತ್ಯಾಸ ಕಂಡಿಲ್ಲ.

ತೊಂದರೆ ಇದ್ದದ್ದು ಹಿಟ್ಟಿನಲ್ಲಿ. ನಮ್ಮ ಓಣಿಯ ಗಿರಣಿಯಲ್ಲಿ ದಿನವಿಡೀ ಗೋಧಿ. ಅದರ ಹಿಂದೆಯೇ ನನ್ನ ಜೋಳ ಹಾಕಿದರೆ ಮೊದಲ ಕಿಲೋ ಪೂರ್ತಿ ಗೋಧಿ ಹಿಟ್ಟಿನ ಕಲಬೆರಕೆ. ಪ್ಯಾಕೆಟ್ ಹಿಟ್ಟು ಬೀಸಿ ಎಷ್ಟು ದಿನವಾಗಿರುತ್ತದೋ! ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯಂಶ ಇರುತ್ತದೆ. ಬೀಸಿದ ಮೇಲೆ ಅದಕ್ಕೆ ಗಾಳಿ ತಾಗಿ ಹಿಟ್ಟು ದಿನದಿಂದ ದಿನಕ್ಕೆ ಕಹಿಯಾಗುತ್ತದೆ, ಜಿಗಿಯೂ ಹೋಗುತ್ತದೆ. ಸಜ್ಜೆ ಹಿಟ್ಟಂತೂ ಇನ್ನೂ ಬೇಗ. ಗೋಧಿಯ ಹಾಗೆ ಹಿಡಿದಿಡುವ ಅಂಟು ಜೋಳದಲ್ಲಿ ಇಲ್ಲ. ಇರುವ ಜಿಗಿಯೆಲ್ಲ ಕುದಿಯುವ ಎಸರು ಬಿದ್ದಾಗ ಪಿಷ್ಟ ಬೆಂದು ಬರುವಂಥದ್ದು. ಹಿಟ್ಟು ಹಳೆಯದಾದರೆ ಎಸರು ಹಾಕಿದರೂ ಸುಖವಿಲ್ಲ. ಬಡಿಯುತ್ತಿದ್ದ ಹಾಗೇ ಅಂಚು ಬಿರಿಯುತ್ತದೆ, ಎತ್ತಿದರೆ ನಡುವೆ ಹರಿಯುತ್ತದೆ. ಊರಿಂದ ಕಡಕ್ ರೊಟ್ಟಿ ಬರುತ್ತಿತ್ತು, ನಿಜ. ಆದರೆ ಬಿಸಿ ರೊಟ್ಟಿಯನ್ನು ಚೀಲದಲ್ಲಿ ಯಾರು ಕಳಿಸುತ್ತಾರೆ?

ಹಾಗಾಗಿ ಗಿರಣಿ ಬಂತು. ಮೊದಲ ಆರು ತಿಂಗಳು ನನಗೆ ಇದರ ಮೇಲೆ ಸಿಟ್ಟೇ ಸಿಟ್ಟು.

ಹೊರಗಿನ ಗಿರಣಿಯಲ್ಲಿ ಎರಡು ಕಲ್ಲಿನ ನಡುವೆ ಕಾಳು ಅರೆಯುತ್ತದೆ. ಇದರಲ್ಲಿ ಕಲ್ಲಿಲ್ಲ. ಉಕ್ಕಿನ ಬ್ಲೇಡು ಜೋರಾಗಿ ತಿರುಗಿ ಕಾಳನ್ನು ಒಡೆಯುತ್ತದೆ, ಒಡೆದದ್ದು ಜಾಳಿಯ ತೂತಿನಿಂದ ಕೆಳಗಿನ ಡಬ್ಬಕ್ಕೆ ಇಳಿಯುತ್ತದೆ. ಅಂದರೆ ಹಿಟ್ಟು ಎಷ್ಟು ನುಣ್ಣಗೆ ಅನ್ನುವುದು ಪೂರ್ತಿ ಜಾಳಿಯ ಕೈಯಲ್ಲಿ. ಜೊತೆಗೆ ಬಂದ ಪುಸ್ತಕದಲ್ಲಿ ಜೋಳಕ್ಕೆ ನಡು ಗಾತ್ರದ ಜಾಳಿ ಹಾಕಿ ಅಂತ ಬರೆದಿತ್ತು. ಹಾಕಿದೆ. ಹಿಟ್ಟು ಕೈಗೆ ಸಣ್ಣ ರವೆಯ ಹಾಗೆ ಹತ್ತಿತು. ರೊಟ್ಟಿ ಹಂಚಿಗೆ ಹೋಗುವ ಮುಂಚೆಯೇ ಮೂರು ತುಂಡು. ಕಂಪನಿಗೆ ಫೋನ್ ಮಾಡಿದರೆ ಅದೇ ಪುಸ್ತಕ ಓದಿ ಹೇಳಿದರು. ಇಷ್ಟು ದುಡ್ಡು ಹಾಕಿ ಪ್ಯಾಕೆಟ್ ಹಿಟ್ಟಿಗಿಂತ ಕೆಟ್ಟ ಹಿಟ್ಟು ತಿನ್ನುತ್ತಿದ್ದೇವಲ್ಲ ಅಂತ ನಿಜಕ್ಕೂ ಅಳು ಬಂದಿತ್ತು.

ದಾರಿ ತೋರಿಸಿದವರು ಮೇಲಿನ ಮನೆಯ ಕಾಕು, ಅಂದರೆ ಚಿಕ್ಕಮ್ಮ, ಸೊಲ್ಲಾಪುರ ಕಡೆಯ ಬಾರ್ಶಿಯವರು. ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, "ಪಿಠಾಲಾ ವಿರಿ ನಾಹಿ" ಅಂದರು. ನಾವು ಜಿಗಿ ಅನ್ನುವುದಕ್ಕೆ ಅವರಲ್ಲಿ ವಿರಿ. ಎಲ್ಲಕ್ಕಿಂತ ಸಣ್ಣ ತೂತಿನ ಜಾಳಿ ಹಾಕು, ಹೊತ್ತು ಹಿಡಿದರೆ ಹಿಡಿಯಲಿ ಅಂದರು. ಒಂದೂವರೆ ಕಿಲೋ ಬೀಸಲು 25 ನಿಮಿಷ ಬೇಕಾಯಿತು. ಆವತ್ತು ರಾತ್ರಿ ಎಂಟು ರೊಟ್ಟಿಯಲ್ಲಿ ಒಂದೂ ಹರಿಯಲಿಲ್ಲ. ಮೊದಲನೆಯದು ಅವರ ತಟ್ಟೆಗೇ ಹಾಕಿದೆ.

ಆ ಸಣ್ಣ ಜಾಳಿ ಹಾಕಿದ ದಿನವೇ ಇನ್ನೊಂದು ಆಯಿತು. ಹೊತ್ತು ಹೆಚ್ಚು ಓಡಿದ್ದರಿಂದ ಹಿಟ್ಟು ಬಿಸಿಯಾಗಿತ್ತು. ಡಬ್ಬದ ಮುಚ್ಚಳ ತೆಗೆದು ಕೈ ಇಟ್ಟೆ. ಇಟ್ಟ ಕೈ ತೆಗೆಯಲು ಮನಸ್ಸಾಗಲಿಲ್ಲ. ಚಿಕ್ಕವರಿದ್ದಾಗ ಚಳಿಗಾಲದ ಬೆಳಿಗ್ಗೆ ಅವ್ವ ಡಬ್ಬಿಯಲ್ಲಿ ಜೋಳ ತುಂಬಿ ಗಿರಣಿಗೆ ಕಳಿಸುತ್ತಿದ್ದಳು. ಪಟ್ಟೆಯ ಪಟಪಟ ಸಪ್ಪಳ, ಗಿರಣಿಯವರ ಹುಬ್ಬಿನ ಮೇಲೆಲ್ಲ ಬಿಳಿ ಹಿಟ್ಟು. ವಾಪಸ್ ಬರುವಾಗ ಬಿಸಿ ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ನಡೆಯುತ್ತಿದ್ದೆ. ಶಾಲೆಗೆ ಹೊತ್ತಾದರೂ ನಿಧಾನಕ್ಕೇ ನಡೆಯುತ್ತಿದ್ದೆ. ಆ ಬಿಸಿ, ಆ ಹಸಿ ಹಸಿ ಸಿಹಿ ವಾಸನೆ. ಪುಣೆಗೆ ಬಂದು 11 ವರ್ಷದಲ್ಲಿ ಅದು ನೆನಪಿಗೇ ಬಂದಿರಲಿಲ್ಲ.

ಈಗ ಭಾನುವಾರ ಮತ್ತು ಬುಧವಾರ ಸಂಜೆ 6ಕ್ಕೆ ಬೀಸುವುದು. ಸಪ್ಪಳ ಜಾಸ್ತಿ, ಮಿಕ್ಸರ್‌ಗಿಂತ ಸ್ವಲ್ಪ ಕಡಿಮೆ ಅನ್ನಬಹುದು, ಆದರೆ ಮಿಕ್ಸರ್ ಎರಡು ನಿಮಿಷಕ್ಕೆ ನಿಲ್ಲುತ್ತದೆ. ಪುಣೆಯಲ್ಲಿ ಮಧ್ಯಾಹ್ನದ ನಿದ್ದೆ ಕೆಡಿಸಿದರೆ ಯಾರೂ ಕ್ಷಮಿಸುವುದಿಲ್ಲ, ಅದಕ್ಕೇ ಸಂಜೆ. ಮಗಳು ಓಡಿ ಬಂದು ಮೊದಲು ತನ್ನ ಅಂಗೈ ಒತ್ತುತ್ತಾಳೆ. ಐದು ಬೆರಳು ಮೂಡಿದ ಮೇಲೆಯೇ ನಾನು ಹಿಟ್ಟು ತೆಗೆಯಬೇಕು. ಆಮೇಲೆ ಅಗಲ ಪರಾತದಲ್ಲಿ ಹರವಿ ಆರಲು ಬಿಡುತ್ತೇನೆ. ಇದನ್ನು ಮರೆಯಬೇಡಿ. ಬಿಸಿ ಇದ್ದಾಗಲೇ ಮುಚ್ಚಿಟ್ಟರೆ ಒಳಗೆ ಬೆವರುತ್ತದೆ, ಹಿಟ್ಟು ಗಂಟಾಗುತ್ತದೆ, ನಾಲ್ಕೇ ದಿನಕ್ಕೆ ಮುಗ್ಗು ವಾಸನೆ. ಮಳೆಗಾಲದಲ್ಲಂತೂ ಬೀಸುವ ಮುಂಚೆ ಕಾಳನ್ನೂ ಬಿಸಿಲು ಕಂಡ ದಿನ ಒಣಗಿಸಿಟ್ಟುಕೊಳ್ಳಬೇಕು. ತಣಸಿದ್ದರೆ ಜಾಳಿಗೆ ಮೆತ್ತಿಕೊಳ್ಳುತ್ತದೆ.

ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿದು, ಚಮಚದ ಹಿಡಿಯಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ನಾದುವುದು. ನಾದಿದಷ್ಟೂ ಒಳ್ಳೆಯದು. ಬಡಿಯುವುದು ನನ್ನ ಕೆಲಸ, ಬೇಯಿಸುವುದು ನಮ್ಮ ಮನೆಯವರದು. ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರಿದ ಗಳಿಗೆ ನೋಡಿ ತಿರುವಿಹಾಕುತ್ತಾರೆ. ಒಂದು ಕ್ಷಣ ತಡವಾದರೂ ರೊಟ್ಟಿ ಉಬ್ಬುವುದಿಲ್ಲ. ಉಬ್ಬಿದ ರೊಟ್ಟಿಯ ಪದರು ಬಿಡಿಸಿ, ಒಳಗೆ ಬೆಣ್ಣೆ, ಗುರೆಳ್ಳು ಚಟ್ನಿ. ಪಕ್ಕಕ್ಕೆ ಒಂದು ಉಳ್ಳಾಗಡ್ಡಿ. ಎಣ್ಣೆಗಾಯಿ ಇದ್ದ ದಿನ ಮಾತು ಬೇಡ.

ಒಂದು ದೂರು ಇನ್ನೂ ಹಾಗೇ ಇದೆ. ಎಂಟನೇ ತಿಂಗಳಿಗೆ ಆ ಸಣ್ಣ ಜಾಳಿ ಅಂಚಿನಲ್ಲಿ ಹರಿಯಿತು. ಬದಲಿ ಜಾಳಿ ಬರಲು ಪೂರ್ತಿ ಮೂರು ವಾರ. ಒಂದು ಅಂಗೈ ಅಗಲದ ತಗಡಿಗೆ! ಕಂಪನಿಯವರು ದಿನಕ್ಕೊಂದು ಉತ್ತರ ಹೇಳಿದರು. ಅದು 2023, ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ, ಅಂಗಡಿ ತುಂಬ ಚೆಂದದ ಜೋಳದ ಹಿಟ್ಟಿನ ಪ್ಯಾಕೆಟ್ಟು. ತಂದು ನೋಡಿದೆ, ಕಹಿ ಇತ್ತು. ಆ ಮೂರು ವಾರ ಕಾಕು ತಮ್ಮ ಊರಿಂದ ತರಿಸಿದ ಹಿಟ್ಟಿನಲ್ಲೇ ನಮಗೂ ಪಾಲು ಕೊಟ್ಟರು. ಜಾಳಿ ಬಂದ ಮೇಲೆ ಅವರ ಜೋಳವೂ ನಮ್ಮಲ್ಲೇ ಬೀಸುತ್ತದೆ, ನಾನು ದುಡ್ಡು ತಗೊಳ್ಳುವುದಿಲ್ಲ.

ನಿಮ್ಮದು ಚಪಾತಿ ಉಣ್ಣುವ ಮನೆಯಾದರೆ ಇದು ಬೇಕಿಲ್ಲ, ಓಣಿಯ ಗಿರಣಿ ಸಾಕು. ವಾರಕ್ಕೊಮ್ಮೆ ರೊಟ್ಟಿ ಮಾಡುವವರಿಗೂ ಬೇಡ. ಅಡ್ಡಾಡಲು ಜಾಗವಿಲ್ಲದ ಅಡುಗೆಮನೆಗಂತೂ ಬೇಡವೇ ಬೇಡ, ಚಿಕ್ಕ ಕಪಾಟಿನಷ್ಟು ಜಾಗ ಹಿಡಿಯುತ್ತದೆ. ದಿನಾ ರಾತ್ರಿ ರೊಟ್ಟಿ ಬಡಿಯುವವರು ತಗೊಳ್ಳಿ.

ಹೋದ ವಾರ ಅವ್ವನಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟು ಬಡಿಯುತ್ತಿದ್ದೆ. ಮಾತಿನ ನಡುವೆ ಸುಮ್ಮನಾದಳು. "ಹಿಟ್ಟು ಚಲೋ ಐತಿ ನೋಡು, ಸಪ್ಪಳದಾಗ ಗೊತ್ತಾಗತೈತಿ" ಅಂದಳು.

ತಗೊಳ್ಳುವವರಿಗೆ ಒಂದೇ ಮಾತು. ಖರೀದಿ ದಿನವೇ ಸಣ್ಣ ತೂತಿನ ಜಾಳಿ ಎರಡು ಹೆಚ್ಚಿಗೆ ಕೇಳಿ ತಗೊಳ್ಳಿ, ಆಮೇಲೆ ಕೊಡುತ್ತೇವೆ ಅಂದರೆ ಒಪ್ಪಬೇಡಿ.