ವಾಸ್ಕೋದಿಂದ ಸಾಂಕ್ವಾಳ, ಬಾಣಾವಲಿ: ಅವಸರ ಮಾಡದ ಟ್ಯಾಕ್ಸಿ

ಕುಂದಾಪುರದಿಂದ ಅಮ್ಮ ಬಂದಿದ್ದರು. ಗೋವಾದ ಕಥೋಲಿಕ ಗುರು ಸಂತ ಜೋಸೆಫ್ ವಾಜ್ ಅವರ ಊರು ನೋಡಬೇಕು ಅಂತ 2015ರಲ್ಲಿ ಅವರಿಗೆ ಸಂತ ಪದವಿ ಸಿಕ್ಕಾಗಿನಿಂದ ಹೇಳುತ್ತಲೇ ಇದ್ದರು. ಹೋದ ಸಲ ಒಂದು ಪ್ಯಾಕೇಜ್ ಬಸ್ಸಿಗೆ ಹತ್ತಿಸಿದ್ದೆ. ಓಲ್ಡ್ ಗೋವಾದಲ್ಲಿ ಇಪ್ಪತ್ತೇ ನಿಮಿಷ ಕೊಟ್ಟು ಹಾರ್ನ್ ಹೊಡೆದರು, ಅಮ್ಮ ಜಪಸರ ಅರ್ಧಕ್ಕೇ ಬಿಟ್ಟು ಓಡಿ ಬಂದರು. ಅದಕ್ಕೇ ಈ ಸಲ ವಾಸ್ಕೋದಲ್ಲಿ ಗಾಡಿ ಓಡಿಸುವ ಗದಗಿನ ಕಡೆಯ ಒಬ್ಬರಿಗೆ ಹೇಳಿದೆ. ಇಡೀ ದಿನಕ್ಕೆ 2,500 ರೂಪಾಯಿ. ಕಾಯುವುದಕ್ಕೆ ಬೇರೆ ದುಡ್ಡಿಲ್ಲ.

ಮೊದಲು ಸಾಂಕ್ವಾಳ. ಹಳೇ ಇಗರ್ಜಿ (ಚರ್ಚ್) 1834ರಲ್ಲಿ ಸುಟ್ಟುಹೋಗಿ ಮುಂದಿನ ಗೋಡೆ ಮಾತ್ರ ಉಳಿದಿದೆ. ಸುಮಾರು ಜನ ಫೋಟೋ ತೆಗೆದು ಹೊರಟುಬಿಡುತ್ತಾರೆ. ನಾವು ಕೂತೆವು. ವಾಜ್ ಅವರು 1677ರ ಆಗಸ್ಟ್ 5ರಂದು, 26 ವರ್ಷದವರಿದ್ದಾಗ, ಇದೇ ಊರಲ್ಲಿ ತಮ್ಮನ್ನೇ ಮಾತೆ ಮರಿಯಮ್ಮನಿಗೆ ದಾಸನಾಗಿ ಬರೆದುಕೊಟ್ಟವರು. ಬರೆದ ಹಾಗೇ ಬದುಕಿದರು. 1681ರಿಂದ ಮೂರು ವರ್ಷ ಮಂಗಳೂರು, ಬಸ್ರೂರು, ಗಂಗೊಳ್ಳಿ, ನಮ್ಮ ಕುಂದಾಪುರ ಅಂತ ಓಡಾಡಿದರು. ಆಮೇಲೆ ಸಿಲೋನ್, ಅಂದರೆ ಈಗಿನ ಶ್ರೀಲಂಕಾ. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಬಿಡುತ್ತಿರಲಿಲ್ಲ, ಹಾಗಾಗಿ 1687ರಲ್ಲಿ ಕೂಲಿಯವನ ವೇಷ ಹಾಕಿಕೊಂಡು ಹೋದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಅಂತ ಜೈಲಿಗೆ ಹಾಕಿದರು. ಮುಂದೆ ಅದೇ ಊರಿಗೆ ಸಿಡುಬು ಬಂದಾಗ ಮನೆಯವರೇ ಬಿಟ್ಟುಹೋದ ರೋಗಿಗಳಿಗೆ ಉಣಿಸಿ, ಮೈ ತೊಳೆದು, ಸತ್ತವರನ್ನು ಮಣ್ಣು ಮಾಡಿದ್ದೂ ಇವರೇ. ಬಿಷಪ್ ಆಗಿ ಅಂದರೆ ಬೇಡ ಅಂದರು. 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು, ಗೋವಾಕ್ಕೆ ವಾಪಸ್ ಬರಲೇ ಇಲ್ಲ.

ಇದನ್ನೆಲ್ಲ ಚಿಕ್ಕಂದಿನಿಂದ ಕೇಳಿದ್ದೆ. ಆದರೆ ಆ ಗೋಡೆಯ ಎದುರು ಕೂತಾಗ ಎದೆಗೆ ತಾಗಿತು. ನಾನು ಯೇಸು ಸ್ವಾಮಿಗೆ ಕೊಡುವುದು ಬೇರೆ ಎಲ್ಲ ಮುಗಿದ ಮೇಲೆ ಉಳಿದ ಹೊತ್ತು, ಅಲ್ವಾ? ಅಪ್ಪ ಹೋದ ಮೇಲೆ ಹಂಚಿನ ಕಾರ್ಖಾನೆಯಲ್ಲಿ ದುಡಿದು ನಮ್ಮನ್ನು ಸಾಕಿದ ಅಮ್ಮ, ಕೆಲಸಕ್ಕೆ ಹೋಗುವ ಮುಂಚೆ ನಸುಕಿನ ಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ.

ಅಮ್ಮನ ಪ್ರಾರ್ಥನೆ ಮುಗಿಯಲು ಒಂದೂವರೆ ತಾಸು ಹಿಡಿಯಿತು. ನಾನು ಸಂಕೋಚದಿಂದ ಡ್ರೈವರ್ ಕಡೆ ನೋಡಿದರೆ, ‘ಅವಸರ ಏನಿಲ್ರೀ ಅಕ್ಕಾರ, ಮುಗಸ್ಲಿ ಬಿಡ್ರಿ’ ಅಂದರು. ಬಿಸಿಲು ಏರಿದಾಗ ತಾವೇ ಕೊಡೆ ತಂದು ಅಮ್ಮನಿಗೆ ಹಿಡಿದು ನಿಂತರು. ಅವರು ನಮ್ಮ ಧರ್ಮದವರಲ್ಲ, ಆದರೂ ಚಪ್ಪಲಿ ಬಿಟ್ಟೇ ನಿಂತಿದ್ದರು.

ಕೊರತೆ ಅಂದರೆ ಎ.ಸಿ. ಅಷ್ಟಕ್ಕಷ್ಟೇ. ಮತ್ತೆ ವಾಜ್ ಅವರಿಗೆ ದೀಕ್ಷಾಸ್ನಾನ ಆದ ಬಾಣಾವಲಿಯ ಇಗರ್ಜಿಗೆ ನಾವು ಮುಟ್ಟುವಾಗ ಮಧ್ಯಾಹ್ನ, ಬಾಗಿಲು ಹಾಕಿತ್ತು. ಹೊರಡುವ ಮುಂಚೆಯೇ ಕೇಳಿಕೊಳ್ಳಿ. ಬೇರೆ ಗಾಡಿಯಾದರೆ ವಾಪಸ್ ತಿರುಗಿಸುತ್ತಿದ್ದರು. ಇವರು ನೆರಳಲ್ಲಿ ನಿಲ್ಲಿಸಿದರು. ಅಮ್ಮ ಬುತ್ತಿ ಬಿಚ್ಚಿ ಮೂರು ಪಾಲು ಮಾಡಿದರು, ಬಾಗಿಲು ತೆರೆಯುವ ತನಕ ಅಲ್ಲೇ ಕೂತಿದ್ದೆವು.