ಧಾರೆಗೆ ಮುತ್ತಜ್ಜಿಯ ಕಾಲದ ರವಿಕೆ: ಹಾಸನದಲ್ಲಿ ಸಿಕ್ಕ ಒಬ್ಬ ಒಳ್ಳೆಯ ಹೊಲಿಗೆಯವರು

ಕಳೆದ ಕಾರ್ತಿಕದಲ್ಲಿ ನಡೆದ ನನ್ನ ಮದುವೆಯ ಧಾರೆಗೆ, 1938ರಲ್ಲಿ ಮುತ್ತಜ್ಜಿ ತಮ್ಮ ಧಾರೆಗೆ ತೊಟ್ಟಿದ್ದ ರೇಷ್ಮೆ ರವಿಕೆಯಂಥದ್ದನ್ನೇ ಹೊಲಿಸಿಕೊಳ್ಳಬೇಕೆಂದು ಬಹಳ ದಿನಗಳಿಂದ ಆಸೆಪಟ್ಟಿದ್ದೆ. ಅಜ್ಜಿ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದ ಆ ರವಿಕೆಗೆ ಕತ್ತಿನವರೆಗೆ ಬರುವ ಪಟ್ಟಿ, ಪಟ್ಟಿಯ ಅಂಚಿಗೆ ಲೇಸು, ಮುಂಭಾಗದಲ್ಲಿ ಸಾಲಾಗಿ ಏಳು ಗುಂಡಿ, ಭುಜದಲ್ಲಿ ಉಬ್ಬಿ ಮೊಣಕೈಯಲ್ಲಿ ಬಿಗಿಯಾಗುವ ಪಫ್ ತೋಳು ಇವೆ. ಮಡಿಕೆಗಳಲ್ಲಿ ರೇಷ್ಮೆ ಸೀಳಿರುವುದರಿಂದ ಅದನ್ನೇ ತೊಡುವಂತಿರಲಿಲ್ಲ. ಇದನ್ನು ಹೊಲಿಯಬಲ್ಲವರನ್ನು ಹಾಸನದಲ್ಲಿ ಹುಡುಕಲು ಎರಡು ತಿಂಗಳು ಹಿಡಿಯಿತು.

‘ಹಳೆಯ ಕಾಲದ ಮಾದರಿ’ ಎಂದೊಡನೆ ಬಹಳಷ್ಟು ಅಂಗಡಿಗಳಲ್ಲಿ ಆರಿ ವರ್ಕಿನ, ಅಂದರೆ ಕೊಕ್ಕೆಸೂಜಿಯ ಕಸೂತಿಯ, ಫೋಟೊಗಳನ್ನು ಮುಂದಿಡುತ್ತಿದ್ದರು: ಬೆನ್ನಿನ ಮೇಲೆ ಬೇಲೂರಿನ ದರ್ಪಣ ಸುಂದರಿ, ತೋಳಿನ ಸುತ್ತ ಆನೆಗಳ ಸಾಲು. ಬೇಲೂರಿನ ಮದನಿಕೆಯರು ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಹನ್ನೆರಡನೆಯ ಶತಮಾನದ ಆ ಶಿಲ್ಪಗಳನ್ನು ನೋಡಿ ಒಡವೆಯ, ತುರುಬಿನ ವಿನ್ಯಾಸ ಕಲಿಯಬಹುದೇ ಹೊರತು ತೋಳು ಕತ್ತರಿಸುವುದನ್ನು ಕಲಿಯಲಾಗದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರಾಜಾ ರವಿವರ್ಮರ ಚಿತ್ರಗಳಲ್ಲಿ ತೋಳುಳ್ಳ ರವಿಕೆ ತೊಟ್ಟ ಹೆಂಗಸರು ಕಾಣುತ್ತಾರೆಂದು ಅವುಗಳ ಫೋಟೊಗಳನ್ನೂ ತೋರಿಸಿದೆ. ಬಟ್ಟೆಯ ಮೇಲ್ಮೈ ತಿಳಿಯಿತೇ ವಿನಾ ಒಳಗಿನ ಹೊಲಿಗೆ ಯಾರಿಗೂ ತಿಳಿಯಲಿಲ್ಲ. ಒಂದು ಬೊಟಿಕ್‌ನವರು ಮಾತ್ರ ಧೈರ್ಯವಾಗಿ ಒಪ್ಪಿಕೊಂಡು, ಸೀರೆಯ ಜೊತೆ ಬಂದಿದ್ದ 80 ಸೆಂಟಿಮೀಟರ್ ರವಿಕೆ ಬಟ್ಟೆಯಲ್ಲೇ ಕತ್ತರಿಸಿ, ಸಾಲದೆ ಹೋದಾಗ ತೋಳಿನ ನಡುವೆ ತುಂಡು ಸೇರಿಸಿ ಹೊಲಿದುಕೊಟ್ಟರು. ಕತ್ತಿನ ಪಟ್ಟಿ ಕೊರಳಿಗೆ ಕೂರದೆ ಹೊರಕ್ಕೆ ಬಾಗಿತ್ತು. ಆ ಬಟ್ಟೆ ಮತ್ತೆ ಸಿಗುವಂಥದ್ದಲ್ಲವಾದ್ದರಿಂದ ಅಂದು ನಾನು ಅತ್ತುಬಿಟ್ಟೆ.

ಆಮೇಲೆ ಅಮ್ಮನ ಗೆಳತಿಯೊಬ್ಬರ ಮಾತಿನಂತೆ ಸಾಲಗಾಮೆ ರಸ್ತೆಯ ಕಡೆ ಮನೆಯಲ್ಲೇ ಹೊಲಿಯುವ ಒಬ್ಬರ ಬಳಿಗೆ ಹೋದೆವು. ಬೋರ್ಡು ಇಲ್ಲ, ನಡುಮನೆಯ ಕಿಟಕಿಯ ಬಳಿ ಒಂದು ಮೆಷಿನ್, ಗೋಡೆಗೆ ಒರಗಿಸಿದ ಕತ್ತರಿಸುವ ಹಲಗೆ, ಅಷ್ಟೇ. ನಾನು ರವಿಕೆಯನ್ನು ಬಿಡಿಸಿ ಮುಂಭಾಗ ತೋರಿಸಹೊರಟರೆ ಅವರು ಅದನ್ನು ಮೆಲ್ಲಗೆ ಒಳಮೈ ಹೊರಗೆ ಬರುವಂತೆ ತಿರುಗಿಸಿ, ಹಾಸಿದ ಬಿಳಿ ಬಟ್ಟೆಯ ಮೇಲಿಟ್ಟು, ಬೆಳಕಿಗೆ ಬಗ್ಗಿ ಬಹಳ ಹೊತ್ತು ನೋಡಿದರು. ತೋಳಿನ ಮೇಲ್ತುದಿಯ ನಿರಿಗೆಗಳನ್ನು ಸೂಜಿಯ ಮೊನೆಯಿಂದ ಎಣಿಸಿದರು. ಕಂಕುಳಿನಲ್ಲಿ ಚೌಕದ ಒಂದು ತುಂಡು ಬೇರೆಯಾಗಿ ಸೇರಿಸಿರುವುದನ್ನು ತೋರಿಸಿ, ಅಷ್ಟು ಬಿಗಿಯಾದ ರವಿಕೆ ತೊಟ್ಟೂ ಕೈ ಮೇಲೆತ್ತಲು ಆಗುತ್ತಿದ್ದುದು ಅದರಿಂದಲೇ ಎಂದು ವಿವರಿಸಿದರು. ಈಗಿನ ಬ್ಲೌಸಿಗೆ ಡಾರ್ಟ್ (ಬಟ್ಟೆಯನ್ನು ಮೊನೆಯಾಗಿ ಮಡಿಸಿ ಹಾಕುವ ಹೊಲಿಗೆ) ಹಿಡಿದು ಮೈಗೆ ಕೂರಿಸುತ್ತೇವೆ, ಇದರಲ್ಲಿ ಡಾರ್ಟೇ ಇಲ್ಲ, ನೆರಿಗೆಯಲ್ಲೇ ಎಲ್ಲ ಸರಿದೂಗಿಸಿದ್ದಾರೆ ಎಂದರು. ಬಳಿಕ ಪಕ್ಕದ ಹೊಲಿಗೆಯಿಂದ ಅರ್ಧ ಇಂಚು ಒಳಗೆ ಸಾಲಾಗಿ ಉಳಿದಿದ್ದ ಸೂಜಿಯ ಸಣ್ಣ ತೂತುಗಳ ಮೇಲೆ ಬೆರಳಿಟ್ಟು, “ಇದನ್ನ ಆಮೇಲೆ ಬಿಚ್ಚಿ ಅಗಲ ಮಾಡವ್ರೆ ನೋಡಮ್ಮ” ಎಂದರು. ಅಜ್ಜಿಗೇ ಗೊತ್ತಿರದಿದ್ದ ಸಂಗತಿ ಅದು. ಮದುವೆಯ ರವಿಕೆಯನ್ನು ಮುತ್ತಜ್ಜಿ ಮಕ್ಕಳಾದ ಮೇಲೂ ತೊಟ್ಟಿರಬೇಕೆಂದು ಅಜ್ಜಿ ಆ ತೂತುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿದರು.

“ಅಕ್ಕ, ನಿಮ್ಮಿಂದ ಆಗುತ್ತಾ?” ಎಂದು ನಾನು ಕೇಳಿದ್ದಕ್ಕೆ, ಮೊದಲು ತೆಳು ಹತ್ತಿ ಬಟ್ಟೆಯಲ್ಲಿ ಹೊಲಿದು ನೋಡಿ ಆಮೇಲೆ ಹೇಳುತ್ತೇನೆ ಎಂದರು. ಹಾಗೆ ಹೊಲಿದ ರವಿಕೆಯನ್ನು ನನಗೆ ಎರಡು ಸಲ ತೊಡಿಸಿ, ಮೈಮೇಲೆಯೇ ಪೆನ್ಸಿಲಿನಿಂದ ಗುರುತು ಹಾಕಿ, ಬಿಚ್ಚಿ ಮತ್ತೆ ಹೊಲಿದರು. ಆ ಬಳಿಕವೇ ರೇಷ್ಮೆಗೆ ಕತ್ತರಿ ತಾಗಿದ್ದು.

ರೇಷ್ಮೆಯ ವಿಷಯದಲ್ಲೂ ಅವರ ತಿಳಿವಳಿಕೆ ದೊಡ್ಡದು. ನಾನು ಕೊಂಡಿದ್ದುದು ಮೈಸೂರು ರೇಷ್ಮೆ, ಅಂದರೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾಗಿ ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿರುವ ಕಾರ್ಖಾನೆಯ ಕ್ರೇಪ್. ಬಿಗಿಯಾಗಿ ಹುರಿ ಮಾಡಿದ ನೂಲಿನಿಂದ ನೇಯುವ ಈ ಬಟ್ಟೆ ಮೃದುವಾಗಿ ಇಳಿಬೀಳುತ್ತದೆ. ಸೀರೆಗೆ ಅದೇ ಚೆಂದ, ಪಫ್ ತೋಳಿಗೆ ಅದೇ ತೊಡಕು. ಅದಕ್ಕೆ ಅವರು ಭುಜದ ನಿರಿಗೆಯ ಒಳಗೆ ಆರ್ಗಾಂಜಾ ಎಂಬ ಗರಿಗರಿಯಾದ ತೆಳು ಬಟ್ಟೆಯ ಪಟ್ಟಿಯೊಂದನ್ನು ಮಡಿಸಿಟ್ಟು ಹೊಲಿದು, ಉಬ್ಬು ಕುಸಿಯದಂತೆ ಮಾಡಿದರು. ಜಾರುವ ಬಟ್ಟೆ ಮೆಷಿನ್ನಿನಲ್ಲಿ ಸುಕ್ಕಾಗದಿರಲೆಂದು ಅಡಿಯಲ್ಲಿ ತೆಳುವಾದ ಬಿಳಿ ಕಾಗದವಿಟ್ಟು ಹೊಲಿದು, ಕಾಗದವನ್ನು ಆಮೇಲೆ ಹರಿದು ತೆಗೆದರು. ಗುಂಡಿ ತೂರಿಸುವ ಏಳು ಕಾಜಾಗಳನ್ನೂ ಕೈಯಲ್ಲೇ ಹಾಕಿದ್ದಾರೆ. ಒಂದೊಂದರ ಅಂಚೂ ಎಳೆ ತಪ್ಪದೆ ಒತ್ತಾಗಿ ನಿಂತಿದೆ.

ಕೊರತೆಗಳನ್ನೂ ಹೇಳಬೇಕು. ಹೇಳಿದ ದಿನಕ್ಕಿಂತ ಎಂಟು ದಿನ ತಡವಾಯಿತು, ಆ ಎಂಟು ದಿನ ಅಮ್ಮನಿಗೆ ನಿದ್ದೆ ಇರಲಿಲ್ಲ. ಮೊದಲು ಅವರು ಹಚ್ಚಿದ್ದ ನೈಲಾನ್ ಲೇಸು ಹೊಳೆಯುತ್ತಿತ್ತು. ಹತ್ತಿಯ ಲೇಸನ್ನು ನಾವೇ ಬೆಂಗಳೂರಿನ ಚಿಕ್ಕಪೇಟೆಯಿಂದ ತಂದುಕೊಟ್ಟ ಮೇಲೆ ಬೇಸರಿಸದೆ ಬದಲಾಯಿಸಿದರು. ಕತ್ತಿನ ಪಟ್ಟಿ ಹೋಮದ ಬಿಸಿಗೆ ತುಸು ಬಿಗಿಯೆನಿಸಿತು. ಮಜೂರಿ 6,500 ರೂಪಾಯಿ ಆಯಿತು. ಬರಿಯ ರವಿಕೆಗೆ ಇದು ಹೆಚ್ಚೆಂದು ಮನೆಯಲ್ಲಿ ಕೆಲವರು ಅಂದರು, ನನಗೆ ಹಾಗನ್ನಿಸಲಿಲ್ಲ.

ಒಪ್ಪಿಕೊಳ್ಳುವ ಕೆಲಸ ಕಡಿಮೆಯಾದ್ದರಿಂದ ಹೆಸರು, ಫೋನ್ ನಂಬರ್ ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಇಂಥ ಹೊಲಿಗೆಯವರನ್ನು ಹುಡುಕುವವರು ಹಳೆಯ ರವಿಕೆಯನ್ನೇ ಕೊಂಡೊಯ್ಯಿರಿ, ಮೊದಲು ಹತ್ತಿಯಲ್ಲಿ ಹೊಲಿದು ತೋರಿಸುವಿರಾ ಎಂದು ಕೇಳಿರಿ, ಇಂಥ ತೋಳಿಗೆ ಎರಡು ಮೀಟರ್ ಬಟ್ಟೆ ಕೈಯಲ್ಲಿರಲಿ. ಅಳತೆಗೆ, ವರ್ಷಕ್ಕೊಮ್ಮೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಿರುವ ದಿನಗಳಲ್ಲಿ ಮಾತ್ರ ಹೋಗಬೇಡಿ. ನಾವು ಹೋದ ದಿನ ಹಳೆ ಬಸ್ ನಿಲ್ದಾಣ ದಾಟಲು ಒಂದು ಗಂಟೆ ಬೇಕಾಯಿತು.