ಮರಿಯ ತಾಯಿಯನ್ನು ಕಣ್ಣಾರೆ ನೋಡದೆ ಮುಂಗಡ ಕಳಿಸಬೇಡಿ

ಮೊಬೈಲಿನಲ್ಲಿ ಜಾಹೀರಾತು ನೋಡಿ ನಾಯಿಮರಿ ತರಲು ಹೊರಟಿರುವವರು, ಅದರಲ್ಲೂ ತುಮಕೂರು ಮತ್ತು ಸುತ್ತಲಿನ ತಾಲ್ಲೂಕುಗಳವರು, ಹಣ ಕಳಿಸುವ ಮೊದಲು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಮನೆಗೆ ಬಂದ ಮರಿ ಬದುಕಿದ್ದು ಆರು ದಿನ ಮಾತ್ರ. ಅದರ ಸಾವಿಗೆ ಮಾರಿದವನಷ್ಟೇ ನಾನೂ ಕಾರಣನೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಕೇಳಬೇಕಾದ ಒಂದು ಪ್ರಶ್ನೆಯನ್ನು ನಾನು ಕೇಳಿ, ಬಂದ ಉತ್ತರ ಸರಿಯಿಲ್ಲವೆಂದು ಗೊತ್ತಾಗಬೇಕಾದ ಕಡೆ ಸುಮ್ಮನಾದೆ.

ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೆ ಮೂರು ದಿನ ಬೆಳಗಿನ ರೈಲಿಗೆ ಹೋಗಿ ರಾತ್ರಿ ಬರುತ್ತೇನೆ, ಉಳಿದ ದಿನ ಮನೆಯಲ್ಲಿದ್ದರೂ ಲ್ಯಾಪ್‌ಟಾಪ್ ಮುಂದಿನಿಂದ ಏಳುವುದಿಲ್ಲ. ಹತ್ತು ವರ್ಷದ ಮಗಳು ಎರಡು ವರ್ಷದಿಂದ ನಾಯಿಮರಿ ಕೇಳುತ್ತಿದ್ದಳು. ಒಂದು ಸಂಜೆ ರೈಲಿನಲ್ಲಿ ಕುಳಿತು ಫೋನ್ ನೋಡುತ್ತಿದ್ದಾಗ, ಹೂವಿನ ಚಿತ್ರವಿದ್ದ ನೀಲಿ ಹೊದಿಕೆಯ ಮೇಲೆ ಮಲಗಿದ್ದ ಲ್ಯಾಬ್ರಡಾರ್ ಮರಿಯ ಫೋಟೋ ಕಂಡಿತು. ಬೆಲೆ ಹದಿನಾಲ್ಕು ಸಾವಿರ, ವಯಸ್ಸು ಎರಡು ತಿಂಗಳು, ಮೊದಲ ಲಸಿಕೆ ಆಗಿದೆ ಎಂದು ಬರೆದಿತ್ತು. ಸಂದೇಶ ಕಳಿಸಿದ ಎರಡೇ ನಿಮಿಷಕ್ಕೆ ಉತ್ತರ ಬಂತು: "ಸರ್, ಇನ್ನೂ ಮೂರು ಜನ ಕೇಳ್ತಿದ್ದಾರೆ, ಈಗ್ಲೇ ಅಡ್ವಾನ್ಸ್ ಹಾಕಿದ್ರೆ ನಿಮಗೇ ಎತ್ತಿಡ್ತೀನಿ." ದಾಬಸ್‌ಪೇಟೆಯಲ್ಲಿ ಮಾತು ಶುರುವಾಗಿ, ರೈಲು ಹಿರೇಹಳ್ಳಿ ದಾಟುವಷ್ಟರಲ್ಲಿ ನನ್ನ ಖಾತೆಯಿಂದ ಐದು ಸಾವಿರ ಹೋಗಿತ್ತು. ಹೊಸ ಮಿಕ್ಸಿ ಕೊಳ್ಳಲು ನಾಲ್ಕು ಅಂಗಡಿ ಸುತ್ತುವ ನಾನು, ಹತ್ತು ಹನ್ನೆರಡು ವರ್ಷ ಮನೆಯಲ್ಲಿ ಬದುಕಬೇಕಾದ ಜೀವವನ್ನು ಹದಿನೈದು ನಿಮಿಷದಲ್ಲಿ ಕೊಂಡಿದ್ದೆ.

ಹಣ ಹಾಕಿದ ಮೇಲೆ, ಭಾನುವಾರ ನಾವೇ ಅಲ್ಲಿಗೆ ಬಂದು ಮರಿಯನ್ನೂ ಅದರ ತಾಯಿಯನ್ನೂ ನೋಡುತ್ತೇವೆ ಎಂದು ಕೇಳಿದೆ. ನೆಲಮಂಗಲದ ಕಡೆ ಫಾರ್ಮ್ ಇದೆ ಎಂದಿದ್ದವನು ಬೇಡ ಎಂದ. ಹೊರಗಿನವರು ಬಂದರೆ ಬೇರೆ ಮರಿಗಳಿಗೆ ಸೋಂಕು ತಗುಲುತ್ತದೆ, ಅದಕ್ಕೇ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಹೇಳಿದ. ಎಷ್ಟು ಕಾಳಜಿಯ ಮನುಷ್ಯ ಎಂದುಕೊಂಡೆ. ಎಚ್ಚರವಾಗಬೇಕಾಗಿದ್ದ ಕ್ಷಣ ಅದೇ. ಕಾಳಜಿಯಿಂದ ಮರಿ ಸಾಕುವವರು ಒಳಗೆ ಬಿಡದಿದ್ದರೂ ಬೇಲಿಯ ಆಚೆಯಿಂದಲಾದರೂ ತಾಯಿಯನ್ನು ತೋರಿಸುತ್ತಾರೆ, ಕಡೆಗೆ ವಿಡಿಯೊ ಕರೆಯಲ್ಲಾದರೂ ಆ ಹೊತ್ತಿಗೆ ತಾಯಿ ಮರಿಗಳ ಜೊತೆ ಇರುವುದನ್ನು ತೋರಿಸಲು ಹಿಂಜರಿಯುವುದಿಲ್ಲ.

ಭಾನುವಾರ ಕ್ಯಾತ್ಸಂದ್ರ ಟೋಲ್ ಹತ್ತಿರ ಬೈಕಿನಲ್ಲಿ ಬಂದ ಹುಡುಗನೊಬ್ಬ ರಟ್ಟಿನ ಪೆಟ್ಟಿಗೆಯಲ್ಲಿ ಮರಿ ತಂದುಕೊಟ್ಟು, ಉಳಿದ ಒಂಬತ್ತು ಸಾವಿರ ಹಾಕಿಸಿಕೊಂಡು ಹೊರಟುಹೋದ. ಫೋಟೋದಲ್ಲಿದ್ದ ಮರಿಗಿಂತ ಇದು ಚಿಕ್ಕದು. ಮೈತುಂಬ ಮಕ್ಕಳ ಪೌಡರಿನ ವಾಸನೆ ಬರುತ್ತಿತ್ತು, ಬಾಲದ ಕೆಳಗಿನ ಕೂದಲು ಮಾತ್ರ ಆಗಷ್ಟೇ ತೊಳೆದಂತೆ ಒದ್ದೆಯಾಗಿತ್ತು. ಅದನ್ನು ನಾನು ಕೈಯಲ್ಲಿ ಮುಟ್ಟಿ ನೋಡಿದೆ, ಆದರೆ ಅದರ ಅರ್ಥವೇನೆಂದು ಯೋಚಿಸಲಿಲ್ಲ. ಮಗಳು ಆಗಲೇ ಅದಕ್ಕೆ ಗುಂಡ ಎಂದು ಹೆಸರಿಟ್ಟಾಗಿತ್ತು.

ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ನಾಯಿಗಳ ಜೊತೆಯಲ್ಲೇ ಬೆಳೆದ ನನ್ನ ಅಮ್ಮ, ಮರಿಯನ್ನು ಮಡಿಲಿಗೆ ಹಾಕಿಕೊಂಡ ಕೂಡಲೇ ಅದು ಸೆರಗನ್ನು ಚೀಪುವುದನ್ನು ನೋಡಿ, "ಇದಿನ್ನೂ ಹಾಲೇ ಬಿಟ್ಟಿಲ್ಲ ಕಣೋ, ತಾಯಿ ನೋಡ್ದೆ ಹೆಂಗ್ ತಂದೆ?" ಎಂದರು. ಅವರ ಊರಿನಲ್ಲಿ ಮರಿ ಬೇಕೆಂದವರು ನಾಯಿ ಈದ ಮನೆಗೆ ಎರಡು ಮೂರು ಸಲ ಹೋಗಿ, ಮರಿ ತಾನಾಗಿ ಹಾಲಿಗೆ ಕಿವುಚಿದ ಮುದ್ದೆ ತಿನ್ನುವವರೆಗೆ ಕಾದು ತರುತ್ತಿದ್ದರಂತೆ. ನಾನು ಲಸಿಕೆಯ ಪುಸ್ತಕ ತೋರಿಸಿ ಅವರ ಬಾಯಿ ಮುಚ್ಚಿಸಿದೆ.

ಮಂಗಳವಾರ ಗುಂಡ ಊಟ ಬಿಟ್ಟಿತು. ಬುಧವಾರ ಬೆಳಗ್ಗೆ ನೊರೆಯಂಥ ವಾಂತಿ, ಮಧ್ಯಾಹ್ನದ ಹೊತ್ತಿಗೆ ರಕ್ತ ಬೆರೆತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಪಶುವೈದ್ಯರು ಮಲದ ಮಾದರಿಯನ್ನು ಸಣ್ಣ ಕಿಟ್‌ನಲ್ಲಿ ಹಾಕಿದರು, ಸ್ವಲ್ಪ ಹೊತ್ತಿಗೆ ಎರಡು ಗೆರೆ ಮೂಡಿದವು. ಪಾರ್ವೊ. ಕರುಳಿನ ಒಳಪದರವನ್ನೂ, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನೂ ನಾಶಮಾಡುವ ವೈರಸ್ ಇದು. ಇದಕ್ಕೆ ನೇರ ಔಷಧಿ ಎಂಬುದಿಲ್ಲ, ಡ್ರಿಪ್ ಕೊಟ್ಟು, ವಾಂತಿ ತಡೆದು, ಬೇರೆ ಸೋಂಕು ಹತ್ತದಂತೆ ನೋಡಿಕೊಂಡು ದೇಹಕ್ಕೆ ಹೋರಾಡಲು ಸಮಯ ಕೊಡಬೇಕಷ್ಟೆ ಎಂದು ಅವರು ವಿವರಿಸಿದರು. ಬೇಗ ಚಿಕಿತ್ಸೆ ಸಿಕ್ಕರೆ ಎಷ್ಟೋ ಮರಿಗಳು ಉಳಿಯುತ್ತವೆ, ಸಿಗದಿದ್ದರೆ ಬಹುತೇಕ ಸಾಯುತ್ತವೆ. ನಮ್ಮದು ತೀರಾ ಎಳೆಯದು. ಅದರ ಹಿಂದಿನ ಹಲ್ಲುಗಳು ಇನ್ನೂ ಸರಿಯಾಗಿ ಹೊರಬಂದಿರಲಿಲ್ಲ. ವಯಸ್ಸು ಎರಡು ತಿಂಗಳಲ್ಲ, ಹೆಚ್ಚೆಂದರೆ ಐದು ವಾರ ಎಂದರು ವೈದ್ಯರು.

ಆಮೇಲೆ ಅವರು ಲಸಿಕೆಯ ಪುಸ್ತಕ ನೋಡಿದರು. ಲಸಿಕೆ ಹಾಕಿದ ವೈದ್ಯರು ಸೀಸೆಯ ಮೇಲಿನ ಚೀಟಿಯನ್ನು ಬಿಡಿಸಿ ಪುಸ್ತಕಕ್ಕೆ ಅಂಟಿಸುವುದು ವಾಡಿಕೆ. ಅದರಲ್ಲಿ ಬ್ಯಾಚ್ ಸಂಖ್ಯೆಯೂ ಅವಧಿ ಮುಗಿಯುವ ತಿಂಗಳೂ ಇರುತ್ತದೆ, ಪಕ್ಕದಲ್ಲಿ ವೈದ್ಯರ ಸಹಿ, ಮೊಹರು ಮತ್ತು ನೋಂದಣಿ ಸಂಖ್ಯೆ ಇರಬೇಕು. ನಮ್ಮ ಪುಸ್ತಕದಲ್ಲಿ ಚೀಟಿಯೇನೋ ಇತ್ತು. ಆದರೆ ಅದರ ಅವಧಿ, ಲಸಿಕೆ ಹಾಕಿದ್ದೆಂದು ಬರೆದಿದ್ದ ದಿನಾಂಕಕ್ಕಿಂತ ನಾಲ್ಕು ತಿಂಗಳ ಹಿಂದೆಯೇ ಮುಗಿದಿತ್ತು. ಸಹಿಯ ಜಾಗದಲ್ಲಿ ಒಂದು ಗೀಚು ಮಾತ್ರ, ಮೊಹರು ಇಲ್ಲ, ಹೆಸರಿಲ್ಲ. ನಾಲ್ಕು ದಿನದಿಂದ ಆ ಪುಸ್ತಕ ನಮ್ಮ ಟಿವಿಯ ಪಕ್ಕದಲ್ಲೇ ಇತ್ತು, ನಾನು ಒಮ್ಮೆಯೂ ಆ ಚೀಟಿಯನ್ನು ಓದಿರಲಿಲ್ಲ.

ಒಂದು ವೇಳೆ ಆ ಲಸಿಕೆ ನಿಜವೇ ಆಗಿದ್ದರೂ ಸಾಲುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ತಾಯಿಯ ಮೊದಲ ಹಾಲಿನಿಂದ ಮರಿಗೆ ಬರುವ ರೋಗನಿರೋಧಕ ಶಕ್ತಿ ಕೆಲವು ವಾರ ಕಾಪಾಡುತ್ತದೆ, ಅದೇ ಶಕ್ತಿ ಲಸಿಕೆ ನಾಟದಂತೆಯೂ ಮಾಡುತ್ತದೆ. ಅದು ಯಾವ ಮರಿಯಲ್ಲಿ ಯಾವ ವಾರ ಕರಗುತ್ತದೆಂದು ಹೇಳಲಾಗದ ಕಾರಣ ಆರರಿಂದ ಎಂಟು ವಾರಕ್ಕೆ ಲಸಿಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಹಾಕಿಸಬೇಕು. "ಒಂದು ಲಸಿಕೆ ಆಗಿದೆ, ಇನ್ನೇನೂ ಭಯವಿಲ್ಲ" ಎಂದು ಮಾರುವವರು ಹೇಳಿದರೆ ನಂಬಬೇಡಿ. ಅಲ್ಲಿಯವರೆಗೆ ಮರಿಯನ್ನು ರಸ್ತೆಗೆ, ಪಾರ್ಕಿಗೆ ಇಳಿಸಲೂ ಬಾರದು.

ಬುಧ, ಗುರು, ಶುಕ್ರ, ಮೂರು ದಿನ ಮುಂಗಾಲಿಗೆ ಸೂಜಿ ಚುಚ್ಚಿ ಡ್ರಿಪ್ ಕೊಟ್ಟರು. ಬ್ಯಾಂಡೇಜು ಸುತ್ತಿದ ಆ ಕಾಲು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪವಿತ್ತು. ಶುಕ್ರವಾರ ರಾತ್ರಿ ಮಗಳು ಕರೆದಾಗ ಬಾಲ ಒಂದು ಸಲ ಅಲುಗಿತು. ಶನಿವಾರ ಬೆಳಗಿನ ಜಾವ ಗುಂಡ ಹೋಯಿತು. ಚಿಕಿತ್ಸೆಗೆ ಹನ್ನೊಂದು ಸಾವಿರ ಆಗಿತ್ತು. ಆ ಹಣದ ಬಗ್ಗೆ ನನಗೆ ಸ್ವಲ್ಪವೂ ಬೇಸರವಿಲ್ಲ. ತಾಯಿಯ ಹತ್ತಿರ ಇನ್ನೂ ಒಂದು ತಿಂಗಳು ಇರಬೇಕಾಗಿದ್ದ ಮರಿಯನ್ನು ಕಿತ್ತು ತರಲು ಕೊಟ್ಟ ಹದಿನಾಲ್ಕು ಸಾವಿರವೇ ಇಂದಿಗೂ ಚುಚ್ಚುತ್ತದೆ.

ಮಾರಿದವನು ಮೊದಲಿಗೆ, ನೀವೇ ಏನೋ ತಿನ್ನಿಸಿದ್ದೀರಿ ಎಂದ. ಪಾರ್ವೊ ವೈರಸ್ ದೇಹಕ್ಕೆ ಸೇರಿ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು, ನಮ್ಮಲ್ಲಿಗೆ ಬಂದ ಎರಡನೇ ದಿನಕ್ಕೇ ಅದು ಊಟ ಬಿಟ್ಟಿತ್ತು ಎಂದು ವಿವರಿಸಿದಾಗ ದನಿ ಬದಲಿಸಿ, ಹಣ ವಾಪಸ್ ಕೊಡುತ್ತೇನೆಂದು ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಲು ಹೇಳಿದ. ದುಃಖದಲ್ಲಿದ್ದ ನಾನು ಒತ್ತಿಬಿಡುತ್ತಿದ್ದೆ. ಪಕ್ಕದಲ್ಲಿದ್ದ ಹೆಂಡತಿ ಫೋನ್ ಕಿತ್ತುಕೊಂಡಳು. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮರುದಿನ ಆ ನಂಬರ್ ಸ್ವಿಚ್ ಆಫ್ ಆಯಿತು.

ಕಾನೂನು ಏನು ಹೇಳುತ್ತದೆಂದು ನಾನು ತಿಳಿದುಕೊಂಡದ್ದು ಎಲ್ಲ ಮುಗಿದ ಮೇಲೆ. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ಬಗ್ಗೆ 2017ರಲ್ಲೇ ಕೇಂದ್ರದ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದು ನಮ್ಮ ಹಕ್ಕು, ಕೇಳಿದ್ದಕ್ಕೆ ಕೋಪಿಸಿಕೊಳ್ಳುವವರಿಂದ ಮರಿ ತರಬೇಡಿ. ಮೋಸವಾಗಿದೆ ಎಂದು ತಿಳಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಬೇಗ ತಿಳಿಸಿದಾಗ ಮಾತ್ರ, ನಾನು ಹತ್ತು ದಿನ ತಡ ಮಾಡಿದೆ. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕವಿಲ್ಲ. ಆದರೆ ದೂರು ಕೊಡಲು ಎದುರು ಪಕ್ಷದ ಹೆಸರು, ವಿಳಾಸ ಬೇಕಲ್ಲವೇ? ನನ್ನ ಬಳಿ ಇದ್ದದ್ದು ಒಂದು ಫೋನ್ ನಂಬರ್ ಮತ್ತು ಟೋಲ್ ಹತ್ತಿರ ನೋಡಿದ ಒಂದು ಮುಖ. ರಸೀದಿ ಕೇಳಿ ಪಡೆಯಬೇಕೆನ್ನುವುದು ಇದಕ್ಕೇ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ವೈರಸ್ ನೆಲದಲ್ಲಿ, ಪಾತ್ರೆಯಲ್ಲಿ, ಚಪ್ಪಲಿಯ ಅಡಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಸೋಪಿನ ನೀರಿಗೆ ಸಾಯುವುದಿಲ್ಲ. ನಮ್ಮ ರಸ್ತೆಯಲ್ಲಿ ಒಂದು ಬೀದಿನಾಯಿ ಆಗಷ್ಟೇ ನಾಲ್ಕು ಮರಿ ಹಾಕಿತ್ತು. ವೈದ್ಯರು ಹೇಳಿದಂತೆ ಮೊದಲು ಕೊಳೆ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರವಕ್ಕೆ ಮೂವತ್ತು ಪಾಲು ನೀರು ಬೆರೆಸಿ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಿ ಉಜ್ಜಿದೆವು. ಗೇಟಿನ ಹೊರಗಿನ ಕಲ್ಲುಚಪ್ಪಡಿಯನ್ನೂ ಬಿಡಲಿಲ್ಲ. ಮಲಗುತ್ತಿದ್ದ ಬಟ್ಟೆ, ಪೆಟ್ಟಿಗೆ ಸುಟ್ಟೆವು. ಒಂದು ವರ್ಷ ಲಸಿಕೆ ಪೂರ್ತಿಯಾಗದ ಯಾವ ಮರಿಯನ್ನೂ ಈ ಮನೆಗೆ ತರಬಾರದೆಂದು ವೈದ್ಯರು ಹೇಳಿದ್ದಾರೆ, ಮಗಳಿಗೂ ಅದನ್ನು ತಿಳಿಸಿದ್ದೇವೆ.

ಕಳೆದ ವಾರ ಅದೇ ಫೋಟೋ ಮತ್ತೆ ನೋಡಿದೆ. ಅದೇ ನೀಲಿ ಹೊದಿಕೆ, ಅದೇ ಹೂವು, ಅದೇ ಮರಿ. ಫೋನ್ ನಂಬರ್ ಮಾತ್ರ ಬೇರೆ. ಬೆಲೆ ಹದಿಮೂರು ಸಾವಿರ, ವಯಸ್ಸು ಎರಡು ತಿಂಗಳು, ತುಮಕೂರಿನವರಿಗೆ ಕ್ಯಾತ್ಸಂದ್ರ ಟೋಲ್ ಹತ್ತಿರ ತಂದುಕೊಡಲಾಗುವುದು ಎಂದು ಅದರ ಕೆಳಗೆ ಬರೆದಿದೆ.